ಮನೆತನದ ಗುಟುಕು

ಥೋರ್‌ಕಿಲ್ ಚಿಪ್ಪುಮೀನಿನ ದೋಣಿಯಿಂದಿಳಿದು ಮನೆಗೆ ಹೊರಟನೆಂದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಬಂದರಿನ ಏರು ಹತ್ತುವಾಗಲೇ ಹಾಡು ಶುರು. ಬೇಲಿಯಾಚೆಯ ಮುದುಕಿಗೆ ಒಂದು ತಮಾಷೆ, ಸೈಕಲ್ ತಿರುಗಿಸಿ ಚೈನು ಹಾಕುತ್ತಿದ್ದ ಹುಡುಗರಿಗೆ ಒಂದು ಕೀಟಲೆ, ಎದುರು ಬಂದ ನಾಯಿಗೂ ಒಂದು ಮಾತು. ಮೋರ್ಸ್ ದ್ವೀಪದ ನಮ್ಮ ಊರಿನಲ್ಲಿ ಅವನನ್ನು ಇಷ್ಟಪಡದವರು ಇರಲಿಲ್ಲ. ಮದುವೆಯಾಗಲಿ, ಹುಟ್ಟುಹಬ್ಬವಾಗಲಿ, ಮೇಜಿನ ತಲೆಯಲ್ಲಿ ನಿಂತು ಭಾಷಣಕಾರರನ್ನು ಕರೆಯುವ, ಹಾಡು ಎತ್ತಿಕೊಡುವ ಕೆಲಸ ಅವನದೇ.

ಮನೆಯಲ್ಲಿ ಅವನ ಹೆಂಡತಿ ಡೋರ್ಟೆ ಆಲೂಗಡ್ಡೆ ಬೇಯಿಸಿ, ಮೀನು ಹುರಿಯಲು ಬಾಣಲೆ ಇಟ್ಟು ಕಾಯುತ್ತಿದ್ದಳು. ಮಗಳು ವಿಗ್ಗಾ ಮಹಡಿಯ ಮೆಟ್ಟಿಲ ಮೇಲೆ ಕೂತು ಕಿವಿಗೊಟ್ಟಿರುತ್ತಿದ್ದಳು. ಅಂಗಳದ ಜಲ್ಲಿಯ ಮೇಲೆ ಅಪ್ಪನ ಬೂಟಿನ ಸದ್ದು ಒಂದೇ ಸಮನೆ ಬಂದರೆ ಕೆಳಗಿಳಿದು ತಟ್ಟೆ ಹಾಕುವಳು. ಎಳೆದೆಳೆದು ಬಂದರೆ ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಹಾಡನ್ನು ಅವಳು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಾಡು ಎರಡೂ ತರಹದ ದಿನಗಳಲ್ಲಿ ಒಂದೇ ರೀತಿ ಇರುತ್ತಿತ್ತು.

ಇದನ್ನೆಲ್ಲ ನನಗೆ ಹೇಳಿದವಳು ವಿಗ್ಗಾಳೇ. ನನ್ನ ಹೆಸರು ಬೋಡಿಲ್. ಅಪ್ಪನೋ ಅಮ್ಮನೋ ಕುಡಿಯುವ ಮನೆಗಳ ಮಕ್ಕಳ ಜೊತೆ, ಆ ಹೆತ್ತವರ ಜೊತೆ ಕೆಲಸ ಮಾಡಲೆಂದು ನಗರಸಭೆ ನನ್ನನ್ನು ಇಟ್ಟುಕೊಂಡಿದೆ. ಇದೇ ಊರಿನಲ್ಲಿ ಹುಟ್ಟಿದವಳು ನಾನು, ಎಲ್ಲರ ಗುಟ್ಟೂ ಎಲ್ಲರಿಗೂ ಗೊತ್ತಿರುವ ಊರು ಇದು. ಅಂಗಡಿಯ ಸಾಲಿನಲ್ಲಿ ನಾನು ನಿಂತರೆ ಮುಂದಿನವರು ಬೀರಿನ ಡಬ್ಬಗಳ ಮೇಲೆ ಬ್ರೆಡ್ಡಿನ ಪೊಟ್ಟಣ ಎಳೆದು ಮುಚ್ಚುವುದುಂಟು.

ನಮ್ಮಲ್ಲಿ ಹದಿನಾಲ್ಕರ ವಯಸ್ಸಿಗೆ, ವಸಂತದಲ್ಲಿ, ಮಕ್ಕಳಿಗೆ ಚರ್ಚಿನಲ್ಲಿ ದೃಢೀಕರಣವಾಗುತ್ತದೆ, ಕೂಸಾಗಿದ್ದಾಗ ಪಡೆದ ದೀಕ್ಷಾಸ್ನಾನವನ್ನು ತಾವೇ ಒಪ್ಪಿಕೊಳ್ಳುವ ವಿಧಿ ಅದು. ಆಮೇಲೆ ಊರಿನ ಸಭಾಭವನದಲ್ಲಿ ಬಂಧುಬಳಗಕ್ಕೆಲ್ಲ ಊಟ. ಇವತ್ತಿನಿಂದ ನೀನು ದೊಡ್ಡವರ ಸಾಲಿಗೆ ಸೇರಿದೆ ಎಂದು ಬಂದವರೆಲ್ಲ ಹೇಳುತ್ತಾರೆ. ಥೋರ್‌ಕಿಲ್‌ನ ಮನೆತನದಲ್ಲಿ ಆ ಸಾಲಿಗೆ ಸೇರಲು ಒಂದು ಕ್ರಮವಿತ್ತು. ಮನೆಯ ಹಿರಿಯರು ಪುಟ್ಟ ಗ್ಲಾಸಿನಲ್ಲಿ ಬೆಸ್ಕ್ ತುಂಬಿ ಮಗುವಿನ ಕೈಗೆ ಕೊಡುವರು. ಬೆಸ್ಕ್ ಎಂದರೆ ಕುರುಚಲು ಬಯಲಿನ ಗಿಡಮೂಲಿಕೆ ನೆನೆಹಾಕಿ ಮನೆಯಲ್ಲೇ ಮಾಡುವ ಕಹಿ ಸಾರಾಯಿ. ಮಗು ಎಲ್ಲರೆದುರು ನಿಂತು ಅದನ್ನು ಒಂದೇ ಗುಟುಕಿಗೆ ಇಳಿಸಬೇಕು. ಅದು ಕೆಮ್ಮುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಜನ ಮೇಜು ಕುಟ್ಟಿ ನಗುತ್ತಾರೆ. ಇದಕ್ಕೆ ಮನೆತನದ ಗುಟುಕು ಎಂದು ಹೆಸರು. ಥೋರ್‌ಕಿಲ್‌ಗೂ ಅವನ ಅಣ್ಣ ಎಬ್ಬೆಗೂ ಅವರ ಅಪ್ಪ ಕೊಟ್ಟಿದ್ದ. ಅಪ್ಪ ಹೋದ ಮೇಲೆ ಆ ಅಧಿಕಾರ ತಾಯಿ ಮಾಗ್ನಾಳಿಗೆ ಬಂತು. ಬೆಸ್ಕ್ ಮಾಡುವುದರಲ್ಲಿ ದ್ವೀಪದಲ್ಲೇ ಆಕೆಯನ್ನು ಮೀರಿಸುವವರಿಲ್ಲ ಎಂಬ ಹೆಸರಿತ್ತು. ಆ ಹೆಸರು ಆಕೆಗೆ ಪ್ರಾಣ.

ವಿಗ್ಗಾಳಿಗೆ ಹದಿಮೂರಾಗಿದ್ದ ಶರತ್ಕಾಲದಲ್ಲಿ ನಮ್ಮ ಪಾದ್ರಿಯಮ್ಮ ದೃಢೀಕರಣದ ಪಾಠ ಶುರುಮಾಡಿದಾಗ, ಆ ದಿನದಲ್ಲಿ ನಿಮಗೆ ಯಾವುದು ಬೇಕು, ಯಾವುದಕ್ಕೆ ಕಾಯುತ್ತಿದ್ದೀರಿ ಎಂದು ಮಕ್ಕಳನ್ನು ಕೇಳಿದರಂತೆ. ಒಬ್ಬಳಿಗೆ ಬಿಳಿ ಉಡುಪು, ಒಬ್ಬನಿಗೆ ಮೊಪೆಡ್. ವಿಗ್ಗಾ ಮಾತ್ರ, "ನನಗೆ ದೃಢೀಕರಣವೇ ಬೇಡ," ಎಂದಳು.

"ಯಾಕೆ, ದೇವರ ಮೇಲೆ ಸಿಟ್ಟಾ?"

"ಇಲ್ಲ. ಚರ್ಚು ಪರವಾಗಿಲ್ಲ. ಆಮೇಲೆ ಸಭಾಭವನ ಇರುತ್ತಲ್ಲ, ಅದು ಬೇಡ."

ಪಾದ್ರಿಯಮ್ಮ ಹೆಚ್ಚು ಕೆದಕಲಿಲ್ಲ. ಮುಂದಿನ ಮಂಗಳವಾರ ಅವಳನ್ನು ನಮ್ಮ ಅಡುಗೆಕೋಣೆಗೆ ಕರೆತಂದರು. ಹಳೆಯ ಶಾಲೆಯ ಅಡುಗೆಕೋಣೆಯಲ್ಲಿ ನಾನು ಮಕ್ಕಳ ಗುಂಪು ನಡೆಸುತ್ತೇನೆ. ಕೂತು ಮಾತಾಡಿ ಎಂದರೆ ಮಕ್ಕಳ ಬಾಯಿ ಕಟ್ಟಿಹೋಗುತ್ತದೆ. ಕೈಯಲ್ಲಿ ಹಿಟ್ಟು ಕೊಟ್ಟರೆ ತಾನೇ ಬಿಚ್ಚಿಕೊಳ್ಳುತ್ತದೆ. ಆವತ್ತು ದಾಲ್ಚಿನ್ನಿ ಬನ್ನು ಮಾಡುತ್ತಿದ್ದೆವು. ಕೆಂಪುಕೂದಲಿನ ಹುಡುಗಿಯೊಬ್ಬಳು ಹಿಟ್ಟು ನಾದುತ್ತ ಹೇಳಿದಳು: "ನಮ್ಮಮ್ಮ ವೈನ್ ಬಾಟಲಿಯನ್ನ ಬಟ್ಟೆ ಒಗೆಯೋ ಮಷೀನಲ್ಲಿ ಬಚ್ಚಿಡ್ತಾಳೆ. ಮೊನ್ನೆ ಮರೆತು ಮಷೀನ್ ಹಾಕ್ಬಿಟ್ಲು. ಈಗ ನಮ್ಮನೆ ಫುಟ್‌ಬಾಲ್ ಅಂಗಿಗಳೆಲ್ಲ ಗುಲಾಬಿ ಬಣ್ಣ. ನಮ್ಮ ತಂಡಕ್ಕೆ ಹೊಸ ಬಣ್ಣ ಬಂದಿದೆ ಅಂತ ನಾನೇ ಹೇಳ್ಕೊಂಡ್ ತಿರುಗ್ತಿದೀನಿ."

ಎಲ್ಲ ಬಿದ್ದು ಬಿದ್ದು ನಕ್ಕರು. ವಿಗ್ಗಾ ಮೊದಲು ಬೆಚ್ಚಿ ನೋಡಿದಳು. ಇಂಥ ಮಾತನ್ನು ಬಾಯಿಬಿಟ್ಟು ಹೇಳಬಹುದು, ಹೇಳಿ ನಗಲೂಬಹುದು ಎಂಬುದು ಅವಳಿಗೆ ಹೊಸದು. ಆಮೇಲೆ ಅವಳಿಗೂ ನಗು ಬಂತು. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು, ಮುಖವೆಲ್ಲ ಬೆಳ್ಳಗೆ ಮಾಡಿಕೊಂಡು, ತನ್ನ ಕಥೆ ಶುರುಮಾಡಿದಳು.

ಅದೇ ವರ್ಷದ ವಸಂತದಲ್ಲಿ ದೊಡ್ಡಪ್ಪ ಎಬ್ಬೆಯ ಮಗನ ದೃಢೀಕರಣ. ಊಟದ ಉಸ್ತುವಾರಿ, ಎಂದಿನಂತೆ, ಥೋರ್‌ಕಿಲ್‌ನದು. ಸಂಜೆಯ ಹೊತ್ತಿಗೆ ಅವನು ಹಾಡುತ್ತ ಹಾಡುತ್ತ ಹಿಂದಕ್ಕೆ ವಾಲಿ, ಸಿಹಿತಿಂಡಿ ಜೋಡಿಸಿಟ್ಟ ಮೇಜಿನ ಮೇಲೆ ಅಂಗಾತ ಬಿದ್ದ. ಸಭಾಭವನವೇ ಹಾರಿಹೋಗುವಂತೆ ಜನ ನಕ್ಕರು. ಬಚ್ಚಲುಮನೆಯಲ್ಲಿ ಅಪ್ಪನನ್ನು ಕೂರಿಸಿ ಕೂದಲಿಗೆ ಮೆತ್ತಿದ ಕೆನೆ ತೊಳೆದವಳು ವಿಗ್ಗಾ. ಹೊರಗೆ ಮುಂದಿನ ಹಾಡು ಆಗಲೇ ಶುರುವಾಗಿತ್ತು.

"ಯಾರಿಗೂ ಅಪ್ಪನ ಮೇಲೆ ಸಿಟ್ಟು ಬರ್ಲಿಲ್ಲ, ಬೋಡಿಲ್," ಎಂದಳು. "ಬಂದಿದ್ರೆ ಚೆನ್ನಾಗಿತ್ತು. ಎಲ್ಲ ಬೆನ್ನು ತಟ್ಟಿದ್ರು. ಮುಂದಿನ ವರ್ಷ ನಿನ್ನ ಸರದಿ, ನಿಮ್ಮಪ್ಪ ಇನ್ನೂ ಏನೇನು ಮಾಡ್ತಾನೋ ಅಂದ್ರು."

ಈ ನಗೆಯ ಬಗ್ಗೆ ನಾನು ಹೇಳಲೇಬೇಕು. ಕುಡುಕನನ್ನು ಹೊಡೆದು ಬಡಿದು ಹಾಳುಮಾಡುವವರು ಕಡಿಮೆ. ನಕ್ಕು, ಇನ್ನೊಂದು ಗ್ಲಾಸು ತುಂಬಿ, ನೀನಿಲ್ಲದೆ ಹಬ್ಬವೇ ಇಲ್ಲ ಎಂದು ಮುದ್ದು ಮಾಡಿ ಹಾಳುಮಾಡುವವರೇ ಹೆಚ್ಚು. ಮಾರನೆಯ ದಿನ ಅವರೆಲ್ಲ ತಂತಮ್ಮ ಮನೆಯಲ್ಲಿರುತ್ತಾರೆ. ಕುಡಿದವನು ಹೆಂಡತಿ ಮಕ್ಕಳ ಪಾಲಿಗೆ ಉಳಿಯುತ್ತಾನೆ.

ಡೋರ್ಟೆಯ ಪಾಲಿಗೆ ಬಂದದ್ದು ಸುಳ್ಳು. ಬೆಳಿಗ್ಗೆ ಥೋರ್‌ಕಿಲ್ ಏಳದಿದ್ದರೆ ದೋಣಿಯ ಯಜಮಾನನಿಗೆ ಫೋನ್ ಮಾಡಿ, "ಅವನಿಗೆ ಹೊಟ್ಟೆ ಕೆಟ್ಟಿದೆ," ಎನ್ನುವಳು. ವೃದ್ಧರ ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸ ಅವಳದು. ಇಡೀ ದಿನ ಬೇರೆಯವರಿಗೆ ಊಟ ಮಾಡಿಸಿ, ಮೈ ತೊಳೆಸಿ ಬಂದು, ಮನೆಯಲ್ಲೂ ಅದನ್ನೇ ಮಾಡುವಳು. ಬರಬರುತ್ತ ಫೋನಿನ ಕೆಲಸ ವಿಗ್ಗಾಳಿಗೂ ಬಂತು. "ಅಪ್ಪನಿಗೆ ಹೊಟ್ಟೆ ಕೆಟ್ಟಿದೆ" ಎಂದು ತಡವರಿಸದೆ ಹೇಳುವುದನ್ನು ಆ ಹುಡುಗಿ ಕಲಿತಳು.

ನವೆಂಬರಿನಲ್ಲಿ ಈಜುಸ್ಪರ್ಧೆ ಇತ್ತು. ವಿಗ್ಗಾ ಗೆದ್ದಳು. ಕರೆದೊಯ್ಯಲು ಬರುತ್ತೇನೆಂದಿದ್ದ ಅಪ್ಪ ಬರಲಿಲ್ಲ. ಜೊತೆಗಾರರ ಕಾರಿನವರು ಕೇಳಿದರೆ, "ಅಪ್ಪ ದಾರಿಯಲ್ಲಿದ್ದಾನೆ," ಎಂದು ಹೇಳಿ ಕಳಿಸಿಬಿಟ್ಟಳು. ಆಮೇಲೆ ಒದ್ದೆ ಕೂದಲಲ್ಲೇ, ಆಲಿಕಲ್ಲು ಬೆರೆತ ಮಳೆಯಲ್ಲಿ, ಕೊಲ್ಲಿಯ ದಂಡೆಯ ದಾರಿ ಹಿಡಿದು ನಡೆದಳು. ಆ ದಾರಿಯಲ್ಲಿ ಬರುತ್ತಿದ್ದ ಪಾದ್ರಿಯಮ್ಮ ಕಾರು ನಿಲ್ಲಿಸಿದಾಗ ಹುಡುಗಿಯ ತುಟಿ ನೀಲಿಗಟ್ಟಿತ್ತು. ಗೆದ್ದ ಪದಕ ಕೈಚೀಲದಲ್ಲಿತ್ತು. ಯಾರಾದರೂ ಕೇಳುವವರೆಗೆ ಅವಳು ಅದನ್ನು ಹೇಳಲೂ ಇಲ್ಲ. ನ್ಯುಮೋನಿಯಾ ಆಗಿ ಹಾಸಿಗೆ ಹಿಡಿದಳು.

ಅವಳು ಎದ್ದು ಕೂರುವಂತಾದ ಮೇಲೆ ಅವರ ಮನೆಯ ಮೇಜಿನ ಸುತ್ತ ನಾವು ನಾಲ್ವರು ಕೂತೆವು. ಥೋರ್‌ಕಿಲ್ ಬಾಗಿಲಲ್ಲೇ ನಗುತ್ತ ಬರಮಾಡಿಕೊಂಡ. "ಬಾ ಬೋಡಿಲ್, ಬಾ. ಕಾಫಿನಾ, ಇಲ್ಲ ನನ್ನ ರಕ್ತ ಪರೀಕ್ಷೆನಾ?"

"ಕಾಫಿ ಸಾಕು," ಎಂದೆ. "ಮಾತಾಡೋಳು ನಾನಲ್ಲ. ವಿಗ್ಗಾಗೆ ನಿನ್ನ ಹತ್ತಿರ ಏನೋ ಹೇಳ್ಬೇಕಂತೆ. ಅವಳು ಮುಗಿಸೋವರೆಗೂ ತಮಾಷೆ ಮಾಡಬಾರದು. ಆಗುತ್ತಾ?"

"ಅದು ಕಷ್ಟ," ಎಂದ. ಆದರೂ ಕೂತ.

ವಿಗ್ಗಾ ಮೇಜಿನ ಅಂಚು ನೋಡುತ್ತ ಹೇಳಿದಳು. "ಅಪ್ಪಾ, ನಿನ್ನ ಬೂಟಿನ ಸದ್ದು ಕೇಳಿ, ಊಟಕ್ಕೆ ಇಳಿಯೋದಾ, ಮೇಲೆ ಹೋಗೋದಾ ಅಂತ ನಾನು ತೀರ್ಮಾನ ಮಾಡ್ತೀನಿ. ನಾನು ಚಿಕ್ಕೋಳಿದ್ದಾಗಿಂದ ಮಾಡ್ತೀನಿ. ಎಲ್ರಿಗೂ ನೀನಂದ್ರೆ ಇಷ್ಟ. ನನಗೂ ಇಷ್ಟ. ಅವರಿಗೆಲ್ಲ ಸಿಗೋ ಅಪ್ಪ ನನಗೆ ಸಿಗಲ್ಲ. ಮಿಕ್ಕಿದ್ದು ಸಿಗುತ್ತೆ."

ಥೋರ್‌ಕಿಲ್ ಏನೋ ಹೇಳಲು ಬಾಯಿ ತೆರೆದ. ಅಭ್ಯಾಸಬಲದಿಂದ ಮುಖದಲ್ಲಿ ನಗು ಬಂತು, ಅಲ್ಲೇ ಸಿಕ್ಕಿಕೊಂಡಿತು. ಡೋರ್ಟೆ ಗಂಡನ ಪರವಾಗಿ, "ಹಾಗಲ್ಲ ಮರಿ, ಅಪ್ಪನಿಗೆ ಕೆಲಸದ ಆಯಾಸ..." ಎಂದು ಶುರುಮಾಡಿ ತಾನೇ ನಿಲ್ಲಿಸಿಬಿಟ್ಟಳು.

"ಆಯಾಸ ಅಲ್ಲ," ಎಂದ ಥೋರ್‌ಕಿಲ್. "ನಾನು ಎಲ್ಲಿಗೆ ಬರ್ಬೇಕು ಹೇಳು, ಬೋಡಿಲ್."

ಬಿಡುವುದು ಹೇಳಿದಷ್ಟು ಸಲೀಸಲ್ಲ. ಚಿಕಿತ್ಸೆಗೆ ಹೋಗತೊಡಗಿದ, ಆದರೆ ಕ್ರಿಸ್‌ಮಸ್ ಹಬ್ಬದ ಊಟಕ್ಕೆ ಅಣ್ಣನ ಮನೆಗೆ ಹೋದಾಗ, "ಒಂದೇ ಒಂದು, ಮೀನಿನ ಜೊತೆ," ಎಂದು ಎಬ್ಬೆ ತುಂಬಿಕೊಟ್ಟ. ಆ ಒಂದು ಹೊಸ ವರ್ಷದವರೆಗೂ ಮುಗಿಯಲಿಲ್ಲ. ಜನವರಿಯಲ್ಲಿ ಆಸ್ಪತ್ರೆಯಲ್ಲಿ ನಡುಗುತ್ತ ಮಲಗಿದ್ದ. ಅಲ್ಲಿಂದ ಬಂದವನು ಮಾತು ಕಡಿಮೆ ಮಾಡಿದ್ದ, ಹಾಡಂತೂ ಇಲ್ಲವೇ ಇಲ್ಲ. ಒಂದು ದಿನ ನನ್ನ ಕೋಣೆಯಲ್ಲಿ ಕೂತು, "ಕುಡೀದೆ ನಾನು ತಮಾಷೆ ಮನುಷ್ಯ ಹೌದೋ ಅಲ್ವೋ ಗೊತ್ತಿಲ್ಲ, ಬೋಡಿಲ್. ನೋಡೇ ಇಲ್ಲ," ಎಂದ. ಅವನ ನಿಜವಾದ ಹೆದರಿಕೆ ಅದು.

ಆದರೆ ಫೆಬ್ರವರಿ ಕಳೆಯಿತು, ಅವನು ಗಟ್ಟಿಯಾಗಿ ನಿಂತ. ಆಗ ವಿಗ್ಗಾ ಊಟದ ನಡುವೆ ಹೇಳಿದಳು: "ನಾನು ದೃಢೀಕರಣ ಮಾಡಿಸ್ಕೋತೀನಿ. ಸಭಾಭವನದಲ್ಲಿ ಒಂದು ಹನಿಯೂ ಇರಬಾರದು. ಬೀರೂ ಇಲ್ಲ, ವೈನೂ ಇಲ್ಲ, ಗುಟುಕೂ ಇಲ್ಲ."

ಸುದ್ದಿ ಕೇಳಿ ಮಾಗ್ನಾ, ಎಬ್ಬೆ ಇಬ್ಬರೂ ಭಾನುವಾರದ ಕಾಫಿಗೆ ಬಂದರು. ನನ್ನನ್ನೂ ಕರೆದಿದ್ದರು. ಡೋರ್ಟೆ ಮಾಡಿದ ಕೇಕು ಮೇಜಿನ ಮೇಲಿತ್ತು, ಯಾರೂ ಮುಟ್ಟಿರಲಿಲ್ಲ.

"ಹನಿಯೂ ಇಲ್ಲದ ದೃಢೀಕರಣವಾ?" ಮಾಗ್ನಾ ಕಾಫಿ ಬಟ್ಟಲು ಕೆಳಗಿಟ್ಟಳು. ಎಂಬತ್ತು ದಾಟಿದರೂ ಬೆನ್ನು ನೆಟ್ಟಗಿದ್ದ ಮುದುಕಿ. "ಕೋಳಿ ಸತ್ತರೂ ಇದಕ್ಕಿಂತ ಚೆನ್ನಾಗಿ ತಿಥಿ ಮಾಡ್ತಾರೆ."

ಎಬ್ಬೆ ಹೊಟ್ಟೆ ಕುಲುಕಿಸಿ ನಕ್ಕ. "ಜನಕ್ಕೆ ಏನು ಕೊಡ್ತೀಯೋ ತಮ್ಮಾ, ಹಾಲಾ? ನಾನೇ ಒಂದು ಹಸು ಹಿಡ್ಕೊಂಡ್ ಬರ್ತೀನಿ. ಬಾಗಿಲಲ್ಲಿ ಕಟ್ಟಿಬಿಡು. ಬಂದೋರು ಬಂದ ಹಾಗೆ ಕರ್ಕೊಳ್ಳಲಿ."

"ಹಸು ಬೇಡ ದೊಡ್ಡಪ್ಪ," ಎಂದಳು ವಿಗ್ಗಾ. "ಎಲ್ಡರ್ ಹೂವಿನ ಶರಬತ್ತು ಮಾಡ್ತೀವಿ. ನಿನಗೆ ಬೇಕಿದ್ರೆ ಎರಡು ಲೋಟ."

"ಇದೆಲ್ಲ ನೀನು ಹೇಳಿಕೊಟ್ಟಿದ್ದು," ಮಾಗ್ನಾ ನನ್ನತ್ತ ತಿರುಗಿದಳು. "ನಿನ್ನ ನಾಮಕರಣದಲ್ಲಿ ನಿಮ್ಮಪ್ಪ ನನ್ನ ಬೆಸ್ಕ್ ಕುಡಿದು ಕುರ್ಚಿ ಮೇಲೆ ಹತ್ತಿ ಕುಣಿದಿದ್ದ. ಏನಾಯ್ತು ನಿನಗೆ? ಚೆನ್ನಾಗೇ ಬೆಳೆದಿದೀಯಲ್ಲ."

"ಕುಣಿದಿರಬಹುದು, ಮಾಗ್ನಾ. ಊರಿನವರೆಲ್ಲ ಕುಡಿಯೋದು ಬಿಡಲಿ ಅಂತ ನಾನು ಬಂದಿಲ್ಲ. ಒಂದೇ ಮಾತು ಕೇಳ್ತೀನಿ. ಈ ಮಗು ದೊಡ್ಡೋಳಾದಳು ಅಂತ ಊರಿಗೆ ತೋರಿಸೋಕೆ ಅವಳ ಕೈಗೆ ಕೊಡಬೇಕಾದ್ದು ಇದೇ ಯಾಕೆ? ಇವಳ ಅಪ್ಪನನ್ನ ಮಲಗಿಸಿದ್ದು ಇದೇ ತಾನೇ?"

"ಅದು ಬೆಸ್ಕ್ ತಪ್ಪಲ್ಲ. ನನ್ನ ಇಬ್ಬರು ಮಕ್ಕಳೂ ಗುಟುಕು ತಗೊಂಡೋರೇ. ಎಬ್ಬೆ ಚೆನ್ನಾಗಿಲ್ವಾ? ಇವನಿಗೆ ಮಿತಿ ಗೊತ್ತಿಲ್ಲ, ಅಷ್ಟೇ. ಇವರಪ್ಪನಿಗೆ ಮಿತಿ ಗೊತ್ತಿತ್ತು."

"ಹದಿನಾಲ್ಕರ ಮಗುವಿಗೆ ಕೊಡುವಾಗ ಅದು ಎಬ್ಬೆ ಆಗುತ್ತೋ ಥೋರ್‌ಕಿಲ್ ಆಗುತ್ತೋ ಅಂತ ಮೊದಲೇ ಹೇಳೋಕಾಗುತ್ತಾ?" ಎಂದೆ. "ಆಮೇಲೆ ಅವಳ ಎದುರು ಕೂತ ಅಪ್ಪ ಏನು ಮಾಡಬೇಕು? ಎಲ್ಲರೂ ಎತ್ತಿದಾಗ ಇವನೊಬ್ಬ ಕೈಕಟ್ಟಿ ಕೂರಬೇಕಾ?"

"ಇವರಪ್ಪನಿಗೆ ಮಿತಿ ಗೊತ್ತಿತ್ತು," ಎಂದು ಮಾಗ್ನಾ ಮತ್ತೆ ಅದನ್ನೇ ಹೇಳಿದಳು. "ಆ ವರ್ಷ ಮಂಜುಗಡ್ಡೆ ಒಡೀದಿದ್ರೆ ಇವತ್ತೂ ಇಲ್ಲೇ ಕೂತಿರೋನು."

ಆಕೆಯ ಗಂಡ, ಥೋರ್‌ಕಿಲ್ ಇನ್ನೂ ಹದಿಹರೆಯದವನಿದ್ದಾಗ, ಹೆಪ್ಪುಗಟ್ಟಿದ ಕೊಲ್ಲಿಯನ್ನು ದಾಟಿ ನೆಂಟರ ಮನೆಯಿಂದ ನಡೆದು ಬರುವಾಗ ಮುಳುಗಿ ಸತ್ತಿದ್ದ. ಮಂಜುಗಡ್ಡೆ ಒಡೆಯಿತು ಎಂದು ಊರು ಹೇಳಿಕೊಂಡು ಬಂದಿತ್ತು. ನಾನೂ ಹಾಗೇ ಕೇಳಿದ್ದೆ.

ಥೋರ್‌ಕಿಲ್ ಮೆಲ್ಲಗೆ ಹೇಳಿದ: "ಅಮ್ಮಾ, ಮಂಜುಗಡ್ಡೆ ಒಡೀಲಿಲ್ಲ. ಆ ವರ್ಷ ಅದರ ಮೇಲೆ ಲಾರಿ ಓಡಾಡ್ತಿತ್ತು. ದೋಣಿ ದಾಟೋಕೆ ಅಂತ ಕೊರೆದಿಟ್ಟ ಕಾಲುವೆ ಇತ್ತಲ್ಲ, ಅದರೊಳಕ್ಕೆ ನಡೆದು ಹೋದ. ಉದ್ದಕ್ಕೂ ಮರದ ಕೊಂಬೆ ನೆಟ್ಟು ಗುರುತು ಮಾಡಿದ್ರು. ಕಣ್ಣು ನೆಟ್ಟಗಿದ್ದೋನು ಯಾರೂ ಬೀಳೋ ಜಾಗ ಅಲ್ಲ ಅದು. ನಿನಗೆ ಗೊತ್ತು. ಎಬ್ಬೆಗೂ ಗೊತ್ತು."

ಎಬ್ಬೆ ಕಿಟಕಿಯ ಕಡೆ ನೋಡಿದ.

ಮಾಗ್ನಾ ಎದ್ದು ಕೋಟು ಹಾಕಿಕೊಂಡಳು. ಗುಂಡಿ ಹಾಕುವಾಗ ಬೆರಳು ತಪ್ಪುತ್ತಿದ್ದವು. ಡೋರ್ಟೆ ಸಹಾಯಕ್ಕೆ ಹೋದರೆ ಕೈ ಸರಿಸಿದಳು. "ಗುಟುಕು ಇಲ್ಲದ ಹಬ್ಬಕ್ಕೆ ನಾನು ಬರಲ್ಲ," ಎಂದು ಹೊರಟೇ ಹೋದಳು. ಎಬ್ಬೆ ಹಿಂದೆ ಹೋದ.

ವಿಗ್ಗಾ ಅಪ್ಪನ ಕಡೆ ತಿರುಗಿದಳು. "ಅಜ್ಜಿ ಇಲ್ದೆ ಹೇಗಪ್ಪಾ? ಬಿಟ್ಟುಬಿಡೋಣ."

"ಬಿಡೋದು ಒಂದನ್ನ ಆಗಲೇ ಬಿಟ್ಟಿದೀನಿ," ಎಂದ ಥೋರ್‌ಕಿಲ್. "ಹಬ್ಬಾನೂ ಬಿಡಲ್ಲ. ಕೇಕು ಕೊಡಿ ಈ ಕಡೆ."

ಮೇ ತಿಂಗಳ ಆ ಭಾನುವಾರ ಬಿಸಿಲು ಹೊಳೆಯುತ್ತಿತ್ತು. ಮನೆಮನೆಯ ಕಂಬದ ಮೇಲೂ ಬಾವುಟ. ಬಿಳಿ ಉಡುಪು ತೊಟ್ಟು, ಕಾಲಿಗೆ ಮಾತ್ರ ಓಟದ ಬೂಟು ಹಾಕಿಕೊಂಡು ವಿಗ್ಗಾ ಚರ್ಚಿನಿಂದ ಹೊರಬಂದಳು. ಸಭಾಭವನದಲ್ಲಿ ಉದ್ದನೆಯ ಮೇಜುಗಳು, ಬಿಳಿ ಬಟ್ಟೆ, ಹೂಜಿ ತುಂಬ ಶರಬತ್ತು. ಜನ ಬಂದರು. ಬಾರದೆ ಏನು, ಹನಿಯೂ ಇಲ್ಲದ ಹಬ್ಬ ಹೇಗಿರುತ್ತದೆಂದು ನೋಡುವ ಕುತೂಹಲಕ್ಕಾದರೂ ಬಂದರು.

ಮೊದಲ ಅರ್ಧ ಗಂಟೆ ನೋಡಲಾಗುವಂತಿರಲಿಲ್ಲ. ದೊಡ್ಡ ದೊಡ್ಡ ಗಂಡಸರು ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದರು. ಮೀನುಗಾರನೊಬ್ಬ ಅಭ್ಯಾಸದಂತೆ ಕೈಗೆ ಸಿಕ್ಕಿದ್ದನ್ನು ಒಂದರ ಮೇಲೊಂದು ಇಳಿಸಿ, ಶರಬತ್ತಿನ ದೆಸೆಯಿಂದ ಮತ್ತೆ ಮತ್ತೆ ಬಚ್ಚಲುಮನೆಗೆ ಓಡುತ್ತಿದ್ದ. ಬಂಧುವೊಬ್ಬರು ತಾವೇ ಕಟ್ಟಿತಂದ ಹಾಡು ಹಾಡಿಸಿದರು. ಎಚ್ಚರದಲ್ಲಿ ಕೇಳಿದರೆ ಅದರ ಪ್ರಾಸ ಎಷ್ಟು ಕೆಟ್ಟದಾಗಿದೆ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಯಾರೋ ಮೂಗಿನಲ್ಲಿ ನಕ್ಕರು, ಪಕ್ಕದವರಿಗೆ ತಾಗಿತು, ಕಟ್ಟಿದವರೇ ಕೊನೆಗೆ, "ಇದನ್ನ ಕುಡಿದೋರಿಗೆ ಅಂತ ಬರೆದಿದ್ದು, ಕ್ಷಮಿಸಿ," ಎಂದರು. ಅಲ್ಲಿಂದ ಬಿಗಿ ಸಡಿಲಿತು.

ಸೂಪು ಬಡಿಸುವ ಹೊತ್ತಿಗೆ ಬಾಗಿಲು ತೆರೆಯಿತು. ಮಾಗ್ನಾ.

ಕಪ್ಪು ಉಡುಪು, ಎದೆಗೆ ಬೆಳ್ಳಿಯ ಪಿನ್ನು. ಯಾರನ್ನೂ ಮಾತಾಡಿಸದೆ ನೇರ ಮೇಜಿನ ತಲೆಗೆ ಬಂದಳು. ಕೈಚೀಲದಿಂದ ಬಾಟಲಿ ತೆಗೆದಳು, ಪುಟ್ಟ ಗ್ಲಾಸು ತೆಗೆದಳು, ತುಂಬಿದಳು. ಒಂದು ಹನಿ ಹೊರಚೆಲ್ಲಲಿಲ್ಲ. ಮೇಜಿನ ಆ ತುದಿಯಲ್ಲಿ ಎಬ್ಬೆ ಹಳೇ ರೂಢಿಯಂತೆ ಬೆರಳಿನಿಂದ ಮೇಜು ಕುಟ್ಟತೊಡಗಿದ. ಇನ್ನೂ ಕೆಲವರು ಸೇರಿಕೊಂಡರು.

"ಎದ್ದೇಳು, ಮಗಳೇ," ಎಂದಳು ಮಾಗ್ನಾ. "ನನ್ನ ಕೈಯಿಂದ ನಾನು ಕೊಡ್ತಿರೋ ಕೊನೇದು ಇದು."

ವಿಗ್ಗಾ ಎದ್ದು ನಿಂತಳು. ಕುಟ್ಟುವ ಸದ್ದು ಜೋರಾಯಿತು. ಅವಳ ಕಿವಿ ಕೆಂಪಾದದ್ದು ನಾನು ಕೂತಲ್ಲಿಗೂ ಕಾಣುತ್ತಿತ್ತು.

"ಅಜ್ಜಿ, ನೀನು ಬಂದಿದ್ದು ನನಗೆ ಎಲ್ಲಕ್ಕಿಂತ ಖುಷಿ," ಎಂದಳು. "ಇದು ಮಾತ್ರ ನಾನು ತಗೊಳ್ಳಲ್ಲ."

ಸದ್ದು ನಿಂತಿತು. ಮಾಗ್ನಾ ಗ್ಲಾಸನ್ನು ಹಿಂತೆಗೆಯಲಿಲ್ಲ. ನಿಧಾನಕ್ಕೆ ಪಕ್ಕಕ್ಕೆ ತಿರುಗಿಸಿ ಮಗನ ಮುಂದೆ ಹಿಡಿದಳು. "ಹಾಗಾದರೆ ಅವಳ ಪಾಲಿಂದು ಅಪ್ಪ ಕುಡೀಬೇಕು. ಮನೆತನದ ಗ್ಲಾಸು ಚೆಲ್ಲೋ ಹಾಗಿಲ್ಲ."

ಗ್ಲಾಸು ಅವನ ಮುಖಕ್ಕೆ ಅಷ್ಟು ಹತ್ತಿರವಿತ್ತು. ಆ ಗಿಡಮೂಲಿಕೆಯ ವಾಸನೆ ಅವನಿಗೆ ಬಡಿದಿರಲೇಬೇಕು. ಹಣೆಯ ಮೇಲೆ ಬೆವರು ಮೂಡಿತು. ಅವನು ಎರಡೂ ಕೈಯಿಂದ ಮೇಜಿನ ಬಟ್ಟೆ ಹಿಡಿದುಕೊಂಡ.

"ಅಮ್ಮಾ, ಇದನ್ನ ಕುಡಿದ್ರೆ ನನಗೆ ನಾಳೆ ಇವಳ ಹಬ್ಬ ನೆನಪಿರಲ್ಲ," ಎಂದ. "ಬೇಡ."

ಮುದುಕಿ ಹಾಗೇ ನಿಂತಿದ್ದಳು. ತೋಳು ಚಾಚಿಯೇ ಇತ್ತು. ಆಗ ಡೋರ್ಟೆ, ಇಷ್ಟು ವರ್ಷ ಎಲ್ಲದರ ಮೇಲೂ ಮುಸುಕೆಳೆದುಕೊಂಡು ಬಂದ ಡೋರ್ಟೆ, ಕುರ್ಚಿ ಎಳೆದು ಅತ್ತೆಯ ಹಿಂದೆ ಇಟ್ಟಳು.

"ಅತ್ತೆ, ನಮ್ಮ ಮನೆಯಲ್ಲಿ ಇನ್ನು ಅದು ಇಲ್ಲ. ನಾನೇ ಹೇಳ್ತಿದೀನಿ," ಎಂದಳು. ದನಿ ಏರಿರಲಿಲ್ಲ, ಆದರೆ ಕೊನೆಯ ಮೇಜಿನವರೆಗೂ ಕೇಳಿಸಿತು. "ಕೂತ್ಕೊಳ್ಳಿ. ಸೂಪು ಆರ್ತಾ ಇದೆ."

ಮಾಗ್ನಾ ಸೊಸೆಯನ್ನು ನೋಡಿದಳು, ಮಗನನ್ನು ನೋಡಿದಳು, ಓಟದ ಬೂಟು ಹಾಕಿಕೊಂಡ ಮೊಮ್ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಗ್ಲಾಸನ್ನು ತನ್ನ ಬಾಯಿಗೇ ಎತ್ತಿ ಒಂದೇ ಗುಟುಕಿಗೆ ಇಳಿಸಿದಳು. ಮುಖ ಕಿವುಚಿಕೊಂಡಿತು, ಕಣ್ಣಲ್ಲಿ ನೀರು ಬಂತು.

"ಥೂ," ಎಂದಳು. "ಈ ಸಲ ವಿಪರೀತ ಕಹಿಯಾಗಿದೆ. ಮಗುವಿಗೆ ಕೊಡೋ ಅಂಥದ್ದಲ್ಲ."

ಬಾಟಲಿಗೆ ಬಿರಡೆ ಹಾಕಿ, ಕೈಚೀಲಕ್ಕೆ ಸೇರಿಸಿ, ಕುರ್ಚಿಯಲ್ಲಿ ಕೂತಳು. "ಎಲ್ಲಿ ಸೂಪು?"

ಸಭಾಭವನವೇ ನಕ್ಕಿತು. ಎಬ್ಬೆಯೂ ನಕ್ಕ. ವಿಗ್ಗಾ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದು, "ಅಜ್ಜಿ, ನಿನ್ನ ಬಾಯಿ ವಾಸನೆ," ಎಂದಳು. "ಸುಮ್ನಿರು," ಎಂದ ಮಾಗ್ನಾ ಅವಳನ್ನು ಬಿಡಲಿಲ್ಲ.

ಸೂಪಿನ ನಂತರ ಥೋರ್‌ಕಿಲ್ ಭಾಷಣಕ್ಕೆ ಎದ್ದ. ಊರು ಅವನ ನೂರು ಭಾಷಣ ಕೇಳಿತ್ತು, ಇವತ್ತು ಅವನು ಮಗಳ ಕಡೆ ಮಾತ್ರ ತಿರುಗಿ ನಿಂತ. "ವಿಗ್ಗಾ, ನೀನು ಹುಟ್ಟಿದ ದಿನ ನನಗೆ ನೆನಪಿದೆ. ಆಮೇಲಿನ ಎಷ್ಟೋ ದಿನ ನೆನಪಿಲ್ಲ. ಬೇರೆಯವರು ಹೇಳಿ ಗೊತ್ತು. ಇವತ್ತಿನದನ್ನ ನಾನೇ ಇಟ್ಕೋತೀನಿ, ಯಾರನ್ನೂ ಕೇಳಬೇಕಾಗಿಲ್ಲ." ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು ಸುತ್ತ ನೋಡಿದ. "ಕುಡಿದು ಅಳೋದು ಎಷ್ಟು ಸುಲಭ ಇತ್ತು ಗೊತ್ತಾ? ಇದು ಬಹಳ ಕಷ್ಟದ ಕೆಲಸ. ನಿಮ್ಮಲ್ಲಿ ಯಾರಾದ್ರೂ ಬಂದು ಸ್ವಲ್ಪ ಸಹಾಯ ಮಾಡ್ರಯ್ಯಾ." ಜನ ನಗುತ್ತಲೇ ಕಣ್ಣೊರೆಸಿಕೊಂಡರು. ಅವನು ತಮಾಷೆ ಮನುಷ್ಯ ಹೌದೇ ಎಂಬ ಪ್ರಶ್ನೆಗೆ ಅವನಿಗೂ ನನಗೂ ಉತ್ತರ ಸಿಕ್ಕಿತು. ಆಮೇಲೆ ಅವನು ಹಾಡು ಎತ್ತಿದ. ಜನವರಿಯಿಂದ ಬಾಯಿಗೆ ಬಾರದ ಹಾಡು.

ಎಬ್ಬೆ ಮತ್ತೆರಡು ಜನ ಕಾರಿನ ಡಿಕ್ಕಿಯಲ್ಲಿ ಬೀರು ತಂದಿಟ್ಟಿದ್ದರು. ಊಟವಾದ ಮೇಲೆ ಮೆಲ್ಲಗೆ ಹೊರಗೆ ಜಾರಿದರು. ಅಷ್ಟರಲ್ಲಿ ಹಿಂದಿನ ಹುಲ್ಲುಮೈದಾನದಲ್ಲಿ ಹಗ್ಗಜಗ್ಗಾಟ ಶುರುವಾಗಿ, ಪಾದ್ರಿಯಮ್ಮನ ಕಡೆಯವರು ಮೀನುಗಾರರನ್ನು ಎಳೆದೆಳೆದು ಬೀಳಿಸುತ್ತಿದ್ದರು. "ಎಬ್ಬೆ," ಎಂದು ಮೈದಾನದಿಂದ ಥೋರ್‌ಕಿಲ್ ಕೂಗಿದ, "ಕುಡಿದು ಮುಗೀತಾ? ನಮಗೆ ನಿನ್ನ ಹೊಟ್ಟೆ ಬೇಕು ಇಲ್ಲಿ, ಭಾರ ಸಾಲ್ತಿಲ್ಲ." ಎಬ್ಬೆ ಡಬ್ಬವನ್ನು ಕಾರಿನ ಮೇಲಿಟ್ಟು ಬಂದವನು ಅದನ್ನು ಮರೆತೇಬಿಟ್ಟ. ಸಂಜೆಯ ಬಿಸಿಲು ಕೊಲ್ಲಿಯ ಮೇಲೆ ಬಹಳ ಹೊತ್ತು ನಿಂತಿತ್ತು. ಮಕ್ಕಳು, ಮುದುಕರು, ಎಲ್ಲ ಒಟ್ಟಿಗೆ ಕುಣಿದರು. ಯಾರ ಮಗುವೂ ಅಪ್ಪನನ್ನು ಹುಡುಕಿಕೊಂಡು ಬಚ್ಚಲುಮನೆಗೆ ಹೋಗಲಿಲ್ಲ.

ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮುಂದಿನ ಚಳಿಗಾಲ ಥೋರ್‌ಕಿಲ್ ಒಂದು ಸಲ ಜಾರಿದ. ಮಾರನೆಯ ಬೆಳಿಗ್ಗೆ ತಾನೇ ನನಗೂ ದೋಣಿಯ ಯಜಮಾನನಿಗೂ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದ. ಆಮೇಲೆ ಎದ್ದು ನಿಂತವನು ನಿಂತೇ ಇದ್ದಾನೆ. ಮಾಗ್ನಾ ಬೆಸ್ಕ್ ಮಾಡುವುದನ್ನು ಬಿಟ್ಟಿಲ್ಲ, ತನ್ನದು ತಪ್ಪು ಎಂದು ಒಪ್ಪಿಕೊಂಡೂ ಇಲ್ಲ. ಆದರೆ ಎಬ್ಬೆಯ ಕಿರಿಯ ಮಗಳ ದೃಢೀಕರಣದಲ್ಲಿ ಆ ಕೈಚೀಲ ತೆರೆಯಲಿಲ್ಲ.

ಹೋದ ಶರತ್ಕಾಲದಲ್ಲಿ ನಾನು ಯಾವುದೋ ಸಭೆ ಮುಗಿಸಿ ಸಭಾಭವನದ ಬೀಗದ ಕೈ ಹಿಂದಿರುಗಿಸಲು ಹೋಗಿದ್ದೆ. ಭವನ ನೋಡಿಕೊಳ್ಳುವ ಹೆಂಗಸಿನ ಮುಂದೆ ಪಕ್ಕದ ಊರಿನ ಅಪ್ಪ ಮಗ ನಿಂತಿದ್ದರು. ವಸಂತದಲ್ಲಿ ಹುಡುಗನ ದೃಢೀಕರಣಕ್ಕೆ ಜಾಗ ಗೊತ್ತುಮಾಡಲು ಬಂದವರು. ಎಷ್ಟು ಜನ, ಯಾವ ಊಟ ಎಂದೆಲ್ಲ ಕೇಳಿಯಾದ ಮೇಲೆ ಆಕೆ, ಅದೂ ಒಂದು ಸಾಮಾನ್ಯ ಪ್ರಶ್ನೆ ಎಂಬಂತೆ, "ಕುಡಿಯೋದು ಇರುತ್ತಾ, ಇಲ್ವಾ?" ಎಂದಳು.

"ಇರುತ್ತೆ, ಇಲ್ದೆ ಏನು," ಎಂದ ಅಪ್ಪ.

"ಇಲ್ದೆ," ಎಂದ ಹುಡುಗ.

ಅಪ್ಪ ತಿರುಗಿ ನೋಡಿದ. ಹುಡುಗ ಕಣ್ಣು ಕೆಳಗಿಳಿಸಲಿಲ್ಲ. ಆ ಹೆಂಗಸಿಗೂ ಅವಸರವಿರಲಿಲ್ಲ, ನನಗೂ ಇರಲಿಲ್ಲ.

"ಇಲ್ದೆ ಅಂತಲೇ ಬರ್ಕೊಳ್ಳಿ," ಎಂದ ಅಪ್ಪ.